ಹರಿಹರೇಶ್ವರ ದೇವಾಲಯ: ಅರಸುಮನೆತನದ ಹೆಸರು ಮತ್ತು ಪ್ರದೇಶದ ಶಿಲ್ಪಪರಂಪರೆ

ಪೀಠಿಕೆ

ಕರ್ನಾಟಕದ ದೇವಾಲಯ ವಾಸ್ತುಶಿಲ್ಪವನ್ನು ಅರಸುಮನೆತನಗಳ ಹೆಸರಿನಿಂದ ಗುರುತಿಸುವ ಪದ್ಧತಿ ನಮ್ಮ ಅಧ್ಯಯನಗಳಲ್ಲಿ ಬಹುಕಾಲದಿಂದ ನೆಲೆಯೂರಿದೆ. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂಬ ಈ ವಿಂಗಡಣೆಯಿಂದ ಕಾಲನಿರ್ಣಯಕ್ಕೆ ಅನುಕೂಲವಾಗಿದೆ ಎಂಬುದು ನಿಜ. ಆದರೆ ಎರಡು ಪ್ರಭುತ್ವಗಳ ಗಡಿಯಲ್ಲಿದ್ದ ಪ್ರದೇಶಗಳ ಕಲೆಗೆ ಇದರಿಂದ ಪೂರ್ಣ ನ್ಯಾಯ ದೊರೆಯುವುದಿಲ್ಲ. ದಾವಣಗೆರೆ ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರದ ಹರಿಹರೇಶ್ವರ ದೇವಾಲಯ ಇದಕ್ಕೊಂದು ನಿದರ್ಶನ.

ಈ ದೇವಾಲಯವನ್ನು ‘ಹೊಯ್ಸಳ ದೇವಾಲಯ’ ಎಂದು ಪರಿಚಯಿಸುವುದು ರೂಢಿ. ಹಾಗೆ ಕೇಳಿಕೊಂಡು ಬಂದವರು ಬೇಲೂರು, ಹಳೇಬೀಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಹೊರಗೋಡೆಯ ಮೇಲೆ ಮೂರ್ತಿಗಳ ಸಾಲನ್ನು ಹುಡುಕುತ್ತಾರೆ. ಅದು ಕಾಣದಿದ್ದಾಗ ಇದನ್ನು ಎರಡನೆಯ ದರ್ಜೆಯ ಕೃತಿಯೆಂದು ಭಾವಿಸಿ ಹಿಂದಿರುಗುತ್ತಾರೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂತಹ ಹೋಲಿಕೆ ಇನ್ನಷ್ಟು ಸಹಜವಾಗಿದೆ. ಹರಿಹರೇಶ್ವರ ದೇವಾಲಯವನ್ನು ಅದು ಹುಟ್ಟಿದ ಪ್ರದೇಶದ ಶಿಲ್ಪಪರಂಪರೆಯ ಹಿನ್ನೆಲೆಯಲ್ಲಿ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾದೇಶಿಕ ಹಿನ್ನೆಲೆ

ಹರಿಹರದ ಪ್ರಾಚೀನ ಹೆಸರು ಕೂಡಲೂರು. ಸೂಳೆಕೆರೆಯಿಂದ ಹೊರಟು ಬರುವ ಹರಿದ್ರಾ ಹೊಳೆ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಊರಿನ ಹೆಸರಿನಲ್ಲಿರುವ ‘ಕೂಡಲು’ ಈ ಸಂಗಮವನ್ನೇ ಸೂಚಿಸುತ್ತದೆ. ಈ ಭಾಗ ನೊಳಂಬವಾಡಿ 32000ಕ್ಕೆ ಸೇರಿದ್ದು, ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಉಚ್ಚಂಗಿಯ ಪಾಂಡ್ಯರ ಆಡಳಿತವನ್ನು ಕಂಡಿತ್ತು. 12ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಉಚ್ಚಂಗಿಯನ್ನು ಗೆದ್ದ ಬಳಿಕ ಇಲ್ಲಿ ಹೊಯ್ಸಳರ ಪ್ರಭಾವ ಹೆಚ್ಚಿತು. ಪ್ರಭುತ್ವ ಬದಲಾದೊಡನೆ ಶಿಲ್ಪಿಗಳ ಅಭ್ಯಾಸವೂ ಬದಲಾಯಿತೆಂದು ಭಾವಿಸಬೇಕಾಗಿಲ್ಲ. ಕಲ್ಲು ಕಡೆಯುವ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುವಂಥದು.

ಹರಿಹರೇಶ್ವರ ದೇವಾಲಯ ನಿರ್ಮಾಣವಾಗುವುದಕ್ಕೆ ಮೊದಲೇ ಈ ಪ್ರದೇಶದಲ್ಲಿ ಗಟ್ಟಿಯಾದ ಶಿಲ್ಪಸಂಪ್ರದಾಯವೊಂದಿತ್ತು. ಇಂದು ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಆನೆಕೊಂಡದ ಈಶ್ವರ ದೇವಾಲಯ ಚಾಲುಕ್ಯ ಶೈಲಿಯ ಚಿಕ್ಕದಾದರೂ ಅಲಂಕೃತವಾದ ರಚನೆ. ಉತ್ತರಕ್ಕೆ ಬಾಗಳಿಯ ಕಲ್ಲೇಶ್ವರ ದೇವಾಲಯ 10ನೆಯ ಶತಮಾನದಷ್ಟು ಹಳೆಯದು. ಅದರ ತೆರೆದ ಸಭಾಮಂಟಪ ಕಂಬಗಳ ಕೆತ್ತನೆಗೆ ಹೆಸರಾಗಿದೆ. ತುಂಗಭದ್ರೆಯ ದಡದಲ್ಲಿಯೇ ಮುಂದೆ ಸಾಗಿದರೆ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯ ಸಿಗುತ್ತದೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹರಿಹರ, ದಾವಣಗೆರೆಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಬಾಗಳಿ ಇರುವ ಹರಪನಹಳ್ಳಿ ತಾಲ್ಲೂಕು ಆ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತದ ಎಲ್ಲೆಗಳು ನಮ್ಮ ಕಣ್ಣೆದುರೇ ಇಷ್ಟು ಬಾರಿ ಬದಲಾಗಿರುವಾಗ, ಕಲೆಯ ಎಲ್ಲೆಯನ್ನು ಆಡಳಿತದ ಎಲ್ಲೆಯಿಂದ ನಿರ್ಧರಿಸುವುದು ಸಾಧುವಲ್ಲ.

ದೇವಾಲಯದ ರಚನೆ

ಹೊಯ್ಸಳ ಇಮ್ಮಡಿ ನರಸಿಂಹನ (1220–1235) ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವನು 1223–24ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನು. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು 1268ರಲ್ಲಿ ಇದಕ್ಕೆ ಕೆಲವು ಭಾಗಗಳನ್ನು ಸೇರಿಸಿದನು.

ದೇವಾಲಯದ ಮುಖ್ಯ ಆಕರ್ಷಣೆ ಅದರ ವಿಶಾಲವಾದ ತೆರೆದ ಮಂಟಪ. ಇದರ ಅಂಚು ನೇರವಾಗಿ ಸಾಗದೆ ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿಕೊಂಡಿದೆ. ಮಂಟಪದ ಸುತ್ತ ಸುಮಾರು ಒಂದು ಮೀಟರ್ ಎತ್ತರದ ಕೈಪಿಡಿಗೋಡೆಯಿದ್ದು, ಅದರ ಹೊರಮೈ ಉದ್ದಕ್ಕೂ ಅಲಂಕರಣಗೊಂಡಿದೆ. ಈ ಗೋಡೆಯ ಮೇಲೆ ನಿಂತ ಗಿಡ್ಡ ಕಂಬಗಳು ಚಾವಣಿಯ ಅಂಚನ್ನು ಹೊತ್ತಿವೆ. ಒಳಗಿನ ಪೂರ್ಣ ಕಂಬಗಳು ತಿರುಗಣೆಯಲ್ಲಿ ಕಡೆದಂಥವು. ಅವುಗಳ ಮೈಯಲ್ಲಿ ಮೂಡುವ ಉಂಗುರಗಳು, ಗಂಟೆಯಾಕಾರದ ಉಬ್ಬುಗಳು ಮತ್ತು ಹರಿತವಾದ ಅಂಚುಗಳು ಪಕ್ಕದಿಂದ ಬೀಳುವ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಂಟಪವನ್ನು ಸುತ್ತಲೂ ತೆರೆದಿಟ್ಟ ಕಾರಣದಿಂದಲೇ ಈ ಬೆಳಕು ಒಳಗೆ ಬರುತ್ತದೆ. ಚಾವಣಿಯಲ್ಲಿ ಪದ್ಮಗಳ ಅಲಂಕರಣವಿದೆ.

ಗರ್ಭಗೃಹ ಮತ್ತು ಸುಖನಾಸಿಯ ಹೊರಗೋಡೆಗಳನ್ನು ಪೂರ್ಣ ಎತ್ತರದ ಅರೆಗಂಬಗಳು ಅಂಕಣಗಳನ್ನಾಗಿ ವಿಭಾಗಿಸಿವೆ. ಮೂಲ ಶಿಖರ ಉಳಿದಿಲ್ಲ. ಈಗಿರುವುದು ಅನಂತರದ ಕಾಲದ ಇಟ್ಟಿಗೆ-ಗಾರೆಯ ರಚನೆ. ಆದ್ದರಿಂದ ಇಂದು ನಾವು ಕಾಣುವ ಮೇಲ್ಭಾಗದ ಆಧಾರದಿಂದ ದೇವಾಲಯದ ಶೈಲಿಯನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಆ ನಿರ್ಣಯಕ್ಕೆ ತಳವಿನ್ಯಾಸ, ಗೋಡೆ, ಕಂಬಗಳೇ ಆಧಾರ.

ತೌಲನಿಕ ವಿವೇಚನೆ

ಇದೇ ಇಮ್ಮಡಿ ನರಸಿಂಹನ ಆಳ್ವಿಕೆಯ ಕೊನೆಯಲ್ಲಿ, 1235ರಲ್ಲಿ, ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ನಿರ್ಮಾಣವಾಯಿತು. ಅದು ತ್ರಿಕೂಟ ದೇವಾಲಯ. ಅದರ ತಳಭಾಗದಲ್ಲಿ ಅಡ್ಡಪಟ್ಟಿಕೆಗಳೂ ಗೋಡೆಯ ಮೇಲೆ ದೇವತಾಮೂರ್ತಿಗಳೂ ಇವೆ. ಒಬ್ಬನೇ ಅರಸನ ಕಾಲದಲ್ಲಿ, ಹನ್ನೆರಡು ವರ್ಷಗಳ ಅಂತರದಲ್ಲಿ ಎದ್ದ ಈ ಎರಡು ದೇವಾಲಯಗಳಲ್ಲಿ ಒಂದು ಹೊರಗೋಡೆಯ ಮೂರ್ತಿಶಿಲ್ಪಕ್ಕೆ ಒತ್ತು ಕೊಟ್ಟರೆ, ಇನ್ನೊಂದು ತೆರೆದ ಮಂಟಪ ಮತ್ತು ಕಂಬಗಳಿಗೆ ಒತ್ತು ಕೊಟ್ಟಿದೆ. ಅರಸನಾಗಲಿ ಕಾಲವಾಗಲಿ ಈ ವ್ಯತ್ಯಾಸವನ್ನು ವಿವರಿಸಲಾರವು. ಹರಿಹರದ ಮಂಟಪಕ್ಕೆ ಹತ್ತಿರದ ಬಂಧುಗಳನ್ನು ಹುಡುಕಬೇಕಾದರೆ ಹಾಸನದ ಕಡೆಗಿಂತ ಹಾನಗಲ್ಲಿನ ತಾರಕೇಶ್ವರ ದೇವಾಲಯದಂಥ ಕಲ್ಯಾಣ ಚಾಲುಕ್ಯ ಪರಂಪರೆಯ ರಚನೆಗಳ ಕಡೆಗೆ ನೋಡಬೇಕಾಗುತ್ತದೆ.

ಹೊಯ್ಸಳ ಶೈಲಿಯೇ ಚಾಲುಕ್ಯ ಶೈಲಿಯಿಂದ ಬೆಳೆದು ಬಂದದ್ದು. ತಿರುಗಣೆಯ ಕಂಬ ಎರಡರಲ್ಲಿಯೂ ಇದೆ. ಹೀಗಿರುವಾಗ ಈ ಭೇದಕ್ಕೆ ಅರ್ಥವೇನು ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಹರಿಹರದ ದೇವಾಲಯವನ್ನು ಹೊಯ್ಸಳ ಪಟ್ಟಿಯಿಂದ ತೆಗೆದು ಚಾಲುಕ್ಯ ಪಟ್ಟಿಗೆ ಸೇರಿಸಿದರೆ ಒಂದು ಹಣೆಪಟ್ಟಿಯ ಜಾಗದಲ್ಲಿ ಇನ್ನೊಂದು ಬಂದಂತಾಗುವುದೇ ಹೊರತು ಸಮಸ್ಯೆ ಬಗೆಹರಿಯುವುದಿಲ್ಲ. ಹೊಯ್ಸಳ ಎಂಬ ಹೆಸರು ಕಟ್ಟಿಸಿದವನ ಒಡೆಯನನ್ನು ತಿಳಿಸುತ್ತದೆ. ಕಟ್ಟಿದ ಕೈಗಳ ಕಲಿಕೆಯನ್ನು ತಿಳಿಸುವುದು ಕಲ್ಲು. ಇವೆರಡೂ ಪ್ರತ್ಯೇಕ ಮಾಹಿತಿಗಳೆಂಬ ಎಚ್ಚರ ಸಂಶೋಧಕರಿಗೆ ಇರಬೇಕು.

ಮೂರ್ತಿ, ಶಾಸನ ಮತ್ತು ಸಾಹಿತ್ಯ

ಗರ್ಭಗೃಹದ ಮೂರ್ತಿಯ ಬಲಾರ್ಧ ಶಿವ, ಎಡಾರ್ಧ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಹರಿಹರ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. 6ನೆಯ ಶತಮಾನದ ಬಾದಾಮಿಯ ಗುಹೆಗಳಲ್ಲಿಯೇ ಹರಿಹರನ ಭವ್ಯ ಶಿಲ್ಪಗಳಿವೆ. ಆದರೆ ಅಲ್ಲಿ ಗೋಡೆಯ ಅನೇಕ ಮೂರ್ತಿಗಳಲ್ಲಿ ಒಂದಾಗಿದ್ದ ಹರಿಹರನು ಇಲ್ಲಿ ಮುಖ್ಯ ದೈವವಾಗಿ ಗರ್ಭಗೃಹದಲ್ಲಿ ನಿಂತಿದ್ದಾನೆ, ಊರಿಗೂ ತನ್ನ ಹೆಸರನ್ನು ಕೊಟ್ಟಿದ್ದಾನೆ.

ದೇವಾಲಯದ ಆವರಣದಲ್ಲಿ 12–13ನೆಯ ಶತಮಾನಗಳ ಹಳಗನ್ನಡ ಶಾಸನಗಳು ಉಳಿದುಬಂದಿವೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇವು ಇನ್ನೊಂದು ಕಾರಣದಿಂದಲೂ ಮುಖ್ಯ. ಪೋಲಾಳ್ವನನ್ನು ಕನ್ನಡ ಸಾಹಿತ್ಯ ಚರಿತ್ರೆಯು ‘ಹರಿಚಾರಿತ್ರ’ದ ಕರ್ತೃವೆಂದೂ ಗುರುತಿಸುತ್ತದೆ. ಹರಿಯ ಚರಿತ್ರೆಯನ್ನು ಕಾವ್ಯವಾಗಿಸಿದ ದಂಡನಾಯಕನೇ ಹರಿಹರರಿಬ್ಬರಿಗೂ ಒಂದೇ ಗುಡಿಯನ್ನು ಕಟ್ಟಿಸಿದ್ದು ಕುತೂಹಲಕರ. ಇದೇ ಸುಮಾರಿನ ರುದ್ರಭಟ್ಟನೂ ಸ್ಮಾರ್ತನಾಗಿದ್ದು ‘ಜಗನ್ನಾಥವಿಜಯ’ದಲ್ಲಿ ಕೃಷ್ಣಕಥೆಯನ್ನು ಹೇಳಿದನೆಂಬುದನ್ನು ಇದರೊಂದಿಗೆ ನೆನೆಯಬಹುದು. ಶೈವ-ವೈಷ್ಣವ ಭೇದಗಳು ಪ್ರಬಲವಾಗಿದ್ದ ಕಾಲದಲ್ಲಿ ಸಮನ್ವಯದ ದೃಷ್ಟಿಯೂ ಕಾವ್ಯದಲ್ಲಿ, ಕಲ್ಲಿನಲ್ಲಿ ತನ್ನ ನೆಲೆಯನ್ನು ಕಂಡುಕೊಂಡಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಹರಿಹರೇಶ್ವರ ದೇವಾಲಯ ಹೊಯ್ಸಳ ಅಧಿಕಾರಿಯೊಬ್ಬನು ಕಟ್ಟಿಸಿದ, ತುಂಗಭದ್ರಾ ತೀರದ ಹಳೆಯ ಶಿಲ್ಪಪರಂಪರೆಯಲ್ಲಿ ಮೂಡಿದ ಕೃತಿ. ಇದನ್ನು ಬೇಲೂರಿನ ಅಳತೆಗೋಲಿನಿಂದ ಅಳೆದರೆ ಇಲ್ಲದಿರುವುದಷ್ಟೇ ಕಾಣುತ್ತದೆ. ಆನೆಕೊಂಡ, ಬಾಗಳಿ, ಕುರುವತ್ತಿ, ಹಾನಗಲ್ಲುಗಳ ಜೊತೆಗಿಟ್ಟು ನೋಡಿದರೆ ಇರುವುದು ಕಾಣುತ್ತದೆ. ಬಟ್ಟೆಗಿರಣಿಗಳಿಂದ ಹೆಸರಾದ ದಾವಣಗೆರೆಗೆ ಕಲಾಚರಿತ್ರೆಯಲ್ಲಿ ಸ್ಥಾನವಿಲ್ಲವೆಂಬ ಭಾವನೆ ಈ ಅಳತೆಯ ದೋಷದಿಂದಲೂ ಹುಟ್ಟಿರಬಹುದು.

ಆನೆಕೊಂಡ ಮತ್ತು ಹರಿಹರಗಳ ಕಂಬ, ಪದ್ಮ, ಅರೆಗಂಬಗಳನ್ನು ಅಳತೆಗೆ ತಕ್ಕಂತೆ ರೇಖಿಸಿ ಹೋಲಿಸುವ ಕೆಲಸ ಈ ದಿಸೆಯಲ್ಲಿ ಮೊದಲು ಆಗಬೇಕಾದದ್ದು. ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ರೇಖೆಯನ್ನು ಬಲ್ಲ ವಿದ್ಯಾರ್ಥಿಗಳಿದ್ದಾರೆ. ಕನ್ನಡ ವಿಭಾಗಗಳಲ್ಲಿ ಶಾಸನವನ್ನು ಓದಬಲ್ಲವರಿದ್ದಾರೆ. ಇವರಿಬ್ಬರೂ ಒಂದೇ ಮಂಟಪದಲ್ಲಿ ಕುಳಿತು ಕೆಲಸ ಮಾಡಿದರೆ, ಕೂಡಲೂರಿನ ಶಿಲ್ಪಕ್ಕೆ ಅರಸರ ಹೆಸರಿನಾಚೆಗೂ ಒಂದು ಚರಿತ್ರೆ ದೊರೆತೀತು.