ಪೇಸ್‌ಮೇಕರ್ ಇದ್ದವರೇ, ಮಾನಿಟರ್ ಪ್ಲಗ್ ಕೀಳಬೇಡಿ

ಪೇಸ್‌ಮೇಕರನ್ನೂ ಹ್ಯಾಕ್ ಮಾಡುತ್ತಾರಂತೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದೇ ತಡ, ಕೆಲವು ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಹಾಸಿಗೆ ಪಕ್ಕದ ಮಾನಿಟರ್‌ನ ಪ್ಲಗ್ ಕೀಳುವುದು. ಉದ್ದೇಶ ಒಳ್ಳೆಯದೇ, ಫಲ ಮಾತ್ರ ಉಲ್ಟಾ.

ಭಯ ಪೂರ್ತಿ ಸುಳ್ಳೇನಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಾಲಯದಲ್ಲಿ ಒಂದು ಐಸಿಡಿಗೆ (ಹೃದಯದ ಲಯ ಅಪಾಯಕ್ಕೆ ತಿರುಗಿದಾಗ ಶಾಕ್ ಕೊಡುವ ಸಾಧನ) ರೇಡಿಯೊ ಮೂಲಕ ಕಳ್ಳ ಆದೇಶ ಕಳಿಸಿ ತೋರಿಸಿದ್ದರು. ಅಲ್ಲಿನ ಆಗಿನ ಉಪಾಧ್ಯಕ್ಷ ಡಿಕ್ ಚೇನಿ 2007ರಲ್ಲೇ ತಮ್ಮ ಸಾಧನದ ವೈರ್‌ಲೆಸ್ ನಿಲ್ಲಿಸಿಕೊಂಡಿದ್ದರು. ಅವರಿಗಿದ್ದ ಶತ್ರುಗಳು ನಮಗಿಲ್ಲ, ಆ ಮಾತು ಬೇರೆ. 2017ರಲ್ಲಿ ಅಬಾಟ್ ಕಂಪನಿಯ ಸುಮಾರು 4.65 ಲಕ್ಷ ಪೇಸ್‌ಮೇಕರ್‌ಗಳಿಗೆ ಅಮೆರಿಕದಲ್ಲಿ ಇಂಥ ದೋಷ ಮುಚ್ಚಲು ಸಾಫ್ಟ್‌ವೇರ್ ತಿದ್ದುಪಡಿ ಬಂತು. 2019ರಲ್ಲಿ ಮೆಡ್‌ಟ್ರಾನಿಕ್ ಕಂಪನಿಯ ಹಲವು ಐಸಿಡಿಗಳು ಆಡುವ ರೇಡಿಯೊ ಮಾತಿಗೆ ಎನ್‌ಕ್ರಿಪ್ಷನ್ನೇ (ಮಾಹಿತಿಯನ್ನು ಗುಟ್ಟಾಗಿಡುವ ಸಂಕೇತ ಭಾಷೆ) ಇಲ್ಲವೆಂದು ಹೊರಬಿತ್ತು. ಎರಡೂ ಸಲ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾಧನ ತೆಗೆಸಿ ಎನ್ನಲಿಲ್ಲ. ರೋಗಿಗೆ ಹಾನಿಯಾದ ವರದಿಯೂ ಆಗ ಇರಲಿಲ್ಲ.

ಮೊದಲು ಆಸ್ಪತ್ರೆಯವರು ಕೊಟ್ಟ ಸಾಧನದ ಕಾರ್ಡ್ ಹುಡುಕಿ. ಅದರಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ಸಂಖ್ಯೆ ಇರುತ್ತವೆ. ಮುಂದಿನ ತಪಾಸಣೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದು ಎದೆಯ ಮೇಲೆ ಉಪಕರಣ ಇಟ್ಟಾಗ ಮಾತ್ರ ಮಾತಾಡುತ್ತದೆಯೋ, ದೂರದಿಂದಲೂ ಮಾತಾಡುತ್ತದೆಯೋ, ಬ್ಲೂಟೂತ್ ಇದೆಯೋ? ಮೊದಲನೆಯದಾದರೆ ಈ ಲೇಖನದ ಅರ್ಧ ನಿಮಗೆ ಬೇಡ.

ಇನ್ನು ಮಾನಿಟರ್. ಅದು ರಾತ್ರಿ ಹೊತ್ತು ಸಾಧನದಿಂದ ಮಾಹಿತಿ ಓದಿ ಆಸ್ಪತ್ರೆಗೆ ಕಳಿಸುತ್ತದೆ. ಬ್ಯಾಟರಿ ಕುಗ್ಗಿದ್ದು, ತಂತಿ ಕೆಟ್ಟದ್ದು, ಲಯ ತಪ್ಪಿದ್ದು ನಿಮಗೆ ಗೊತ್ತಾಗುವ ಮೊದಲೇ ವೈದ್ಯರಿಗೆ ಗೊತ್ತಾಗುವುದು ಹೀಗೆ. ಪ್ಲಗ್ ಕಿತ್ತರೆ ಇದಿಷ್ಟೂ ಹೋಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. 2017ರ ಜನವರಿಯಲ್ಲಿ ಸೇಂಟ್ ಜೂಡ್ ಕಂಪನಿಯ 'ಮರ್ಲಿನ್ ಅಟ್ ಹೋಮ್' ಮಾನಿಟರ್‌ನ ದೋಷಕ್ಕೆ ತಿದ್ದುಪಡಿ ಬಂದಾಗ ಅದು ತಲುಪಿದ್ದು ಯಾರಿಗೆ? ಪ್ಲಗ್ ಹಾಕಿ, ನೆಟ್‌ವರ್ಕಿಗೆ ಜೋಡಿಸಿಟ್ಟಿದ್ದವರಿಗೆ, ತಾನಾಗಿಯೇ. ಹೆದರಿ ಕಿತ್ತಿಟ್ಟವರ ಮಾನಿಟರ್‌ನಲ್ಲಿ ದೋಷ ಹಾಗೇ ಉಳಿಯುತ್ತದೆ. ಊರಿಗೆ ಹೋಗುವಾಗ ಸ್ವಿಚ್ ಆರಿಸಿ, ಬಂದು ತಿಂಗಳಾದರೂ ಮತ್ತೆ ಹಾಕದವರೂ ಇದೇ ಸಾಲಿಗೆ ಸೇರುತ್ತಾರೆ. ಕರೆಂಟ್ ಹೋಗಿ ಬಂದ ಮೇಲೆ ದೀಪ ಉರಿಯುತ್ತಿದೆಯೇ ನೋಡಿ. ಮೊಬೈಲ್ ಸಿಗ್ನಲ್ ಸಿಗದ ಮೂಲೆಯಲ್ಲಿ, ಬೀರುವಿನ ಹಿಂದೆ ಇಡಬೇಡಿ.

ಮಾನಿಟರ್ ಆಸ್ಪತ್ರೆ ಅಥವಾ ಕಂಪನಿಯ ಕೈಯಿಂದಲೇ ಬರಬೇಕು. ಸೆಕೆಂಡ್ ಹ್ಯಾಂಡ್ ಮಾರಾಟದ ಆ್ಯಪ್‌ಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು, ತಂದೆಯವರು ತೀರಿಕೊಂಡ ಮೇಲೆ ಗುಜರಿಗೆ ಹಾಕುವುದು, ಎರಡೂ ತಪ್ಪು. ವಾಪಸ್ ಕೊಡಿ. ಅದರ ಯುಎಸ್‌ಬಿ ಕಿಂಡಿಗೆ ಫೋನ್ ಚಾರ್ಜ್‌ಗೆ ಹಾಕುವ ಜಾಣತನವೂ ಬೇಡ.

ಬ್ಲೂಟೂತ್ ಸಾಧನವಾದರೆ ಫೋನೇ ಮಾನಿಟರ್. ಆ್ಯಪನ್ನು ಕಂಪನಿ ಹೇಳಿದ ಕಡೆಯಿಂದಷ್ಟೇ ಇಳಿಸಿಕೊಳ್ಳಿ, ಫೋನಿಗೆ ಲಾಕ್ ಹಾಕಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ. ಮಗನ ಹಳೇ ಫೋನ್ ಅಪ್ಪನಿಗೆ ಬರುವುದು ನಮ್ಮ ಮನೆಗಳ ರೂಢಿ. ಅದು ಆ್ಯಪ್ ಒಪ್ಪುವ ಮಾಡೆಲ್ಲೇ ಎಂದು ಮೊದಲೇ ವಿಚಾರಿಸಿ. ರೂಟ್ ಮಾಡಿದ (ತಯಾರಕರ ಸುರಕ್ಷತಾ ಬೀಗ ತೆಗೆದ) ಫೋನಂತೂ ಬೇಡವೇ ಬೇಡ.

'ನಿಮ್ಮ ಪೇಸ್‌ಮೇಕರ್ ಅಪ್‌ಡೇಟ್ ಆಗಬೇಕು, ಓಟಿಪಿ ಹೇಳಿ' ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಿ. 2017ರ ಪೇಸ್‌ಮೇಕರ್ ತಿದ್ದುಪಡಿಗೆ ರೋಗಿ ಖುದ್ದು ಆಸ್ಪತ್ರೆಗೇ ಹೋಗಬೇಕಿತ್ತು. ಸುಮಾರು 3 ನಿಮಿಷದ ಕೆಲಸ. ಅಷ್ಟು ಹೊತ್ತು ಸಾಧನ ನಿಮಿಷಕ್ಕೆ 67 ಬಡಿತದ ಮೀಸಲು ಕ್ರಮದಲ್ಲಿ ನಡೆಯುತ್ತಿತ್ತು. ಓಟಿಪಿಯಿಂದ ಆಗುವ ಕೆಲಸ ಅದಲ್ಲ. ಸೀರಿಯಲ್ ಸಂಖ್ಯೆ ಇರುವ ಸಾಧನದ ಕಾರ್ಡಿನ ಫೋಟೊವನ್ನು ಕುಟುಂಬದ ಗ್ರೂಪಿಗೆ ಹಾಕುವ ಚಟವನ್ನೂ ಬಿಡಿ.

ನನ್ನ ಲೆಕ್ಕದಲ್ಲಿ ಹ್ಯಾಕರ್‌ಗಿಂತ ಅಂಗಿಯ ಎಡಜೇಬು ಹತ್ತಿರದ ಅಪಾಯ. ಈಗಿನ ಕೆಲವು ಫೋನ್‌ಗಳೊಳಗಿನ ಅಯಸ್ಕಾಂತ ಎದೆಗೆ ತೀರಾ ಹತ್ತಿರ ಬಂದರೆ ಐಸಿಡಿಯ ಶಾಕ್ ವ್ಯವಸ್ಥೆ ತಾತ್ಕಾಲಿಕವಾಗಿ ನಿಲ್ಲಬಹುದು. ಫೋನನ್ನು ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಿ.

ಇನ್ಸುಲಿನ್ ಪಂಪ್ ಬಳಸುವವರಿಗೆ ಒಂದೇ ಮಾತು. ಮೆಡ್‌ಟ್ರಾನಿಕ್ ಮಿನಿಮೆಡ್ 508 ಮತ್ತು ಪ್ಯಾರಾಡೈಮ್ ಸರಣಿಯ ಕೆಲವು ಹಳೆಯ ಪಂಪ್‌ಗಳನ್ನು ಇಂಥದೇ ವೈರ್‌ಲೆಸ್ ದೋಷಕ್ಕಾಗಿ 2019ರಲ್ಲಿ ಹಿಂಪಡೆಯಲಾಯಿತು. ಅವನ್ನು ಸಾಫ್ಟ್‌ವೇರ್‌ನಿಂದ ಸರಿಪಡಿಸಲು ಬರುತ್ತಿರಲಿಲ್ಲ. ನಿಮ್ಮದು ಹಳೆಯದಾದರೆ ಮಾಡೆಲ್ ಸಂಖ್ಯೆಯನ್ನು ವೈದ್ಯರಿಗೆ ತೋರಿಸಿ.