ಚಳಿಗಾಲವೂ ಬಯಲುಸೀಮೆಯ ತೋಳವೂ

ಕಾಡುಪ್ರಾಣಿಗಳಿಗೆ ಕಂಬಳಿಯಿಲ್ಲ, ಒಲೆಯಿಲ್ಲ. ಆದರೂ ಅವು ಚಳಿಗಾಲವನ್ನು ದಾಟಿ ಬದುಕುವವು. ಇದು ಹೇಗೆಂಬುದನ್ನು ನಮ್ಮ ಸೀಮೆಯ ತೋಳದ ಉದಾಹರಣೆಯಿಂದ ವಿಚಾರಿಸುವದೇ ಈ ಲೇಖನದ ಉದ್ದೇಶ.

ವಿಜಯಪುರದಲ್ಲಿ ಚಳಿ ಎಲ್ಲಿಯದೆಂದು ಕೆಲವರು ನಕ್ಕಾರು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿದು, ನಿಜ. ಆದರೆ ತಿಕೋಟಾ, ಬಬಲೇಶ್ವರಗಳ ಕಡೆಯ ಬಯಲಿನಲ್ಲಿ ಮರಗಳ ಮರೆ ಕಡಿಮೆ. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲವು ಹಗಲಿನ ಕಾವನ್ನು ಬೇಗನೆ ಬಿಟ್ಟುಕೊಡುವದು. ಬೆಳಗಿನ ಜಾವಕ್ಕೆ ಉಷ್ಣಮಾನ 10 ಡಿಗ್ರಿಯ ಸುತ್ತ ಇಳಿಯುವದುಂಟು. ಬಿಳಿಜೋಳದ ಹೊಲ ಕಾಯಲು ಮಲಗಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಳದ ಮೈಯ ಬಿಸಿ ಸುಮಾರು 38 ಡಿಗ್ರಿ. ಇದು ತಿಂದ ಆಹಾರದಿಂದ ಹುಟ್ಟುವದು. ಹೆಚ್ಚು ಬಿಸಿ ಬೇಕೆಂದರೆ ಹೆಚ್ಚು ಬೇಟೆ ಬೇಕು. ಬೇಟೆಯೋ ದಿನವೂ ಸಿಕ್ಕುವಂಥದಲ್ಲ. ಆದುದರಿಂದ ಹುಟ್ಟಿದ ಬಿಸಿಯನ್ನು ಕಳೆದುಕೊಳ್ಳದಿರುವದೇ ದೇಹದ ಮೊದಲ ಕೆಲಸ.

ಹಿಮಾಲಯದ ತೋಳವನ್ನು ನೋಡಿರಿ. ಲಡಾಖ್, ಸ್ಪಿತಿಗಳ ಹಿಮದಲ್ಲಿ ಬಾಳುವ ಇದಕ್ಕೆ ಎರಡು ಪದರಿನ ಕೂದಲು. ಹೊರಗಿನ ಒರಟು ಕೂದಲು ಹಿಮವನ್ನೂ ನೀರನ್ನೂ ತಡೆದರೆ, ಒಳಗಿನ ದಟ್ಟ ತುಪ್ಪಳವು ಗಾಳಿಯನ್ನು ಹಿಡಿದಿಡುವದು. ನಿಂತ ಗಾಳಿಯಲ್ಲಿ ಶಾಖವು ಸುಲಭವಾಗಿ ಹರಿಯದು; ಕುರಿಗಾರರ ಕಂಬಳಿಯ ಗುಟ್ಟೂ ಇದೇ. ಚಳಿ ಹೆಚ್ಚಿದಾಗ ಕೂದಲು ನಿಮಿರಿ ಈ ಗಾಳಿಯ ಪದರು ದಪ್ಪವಾಗುವದು. ನಮ್ಮ ಆಲಂಕಾರಿಕರು ಸಾತ್ತ್ವಿಕ ಭಾವಗಳಲ್ಲಿ ಎಣಿಸಿದ ರೋಮಾಂಚವು ತೋಳಕ್ಕೆ ಹೊದಿಕೆಯ ಕೆಲಸ ಮಾಡುವದು! ಕಾಲುಗಳಲ್ಲಿ ಇಳಿಯುವ ಬಿಸಿ ರಕ್ತವು ಪಕ್ಕದಲ್ಲಿಯೇ ಏರುವ ತಣ್ಣನೆಯ ರಕ್ತಕ್ಕೆ ಕಾವು ಕೊಡುವದು; ಹೀಗಾಗಿ ಬಿಸಿಯು ಪಾದದಿಂದ ಹಿಮಕ್ಕೆ ಸೋರಿಹೋಗದು.

ಗಾತ್ರಕ್ಕೂ ಇಲ್ಲಿ ಅರ್ಥವುಂಟು. ಹಂಡೆಯ ಬಿಸಿನೀರು ಚರಿಗೆಯ ನೀರಿಗಿಂತ ತಡವಾಗಿ ಆರುವದಷ್ಟೆ? ಅದರಂತೆ ಒಂದೇ ಬಗೆಯ ಪ್ರಾಣಿಗಳಲ್ಲಿ ಶೀತಪ್ರದೇಶದವು ಸಾಮಾನ್ಯವಾಗಿ ದೊಡ್ಡವೆಂದು ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲಿ ತಿಳಿಸಿದನು. ಕಿವಿ, ಬಾಲ, ಕಾಲುಗಳು ಅಲ್ಲಿ ಗಿಡ್ಡವಾಗಿರುವವೆಂದು 1877ರಲ್ಲಿ ಅಮೇರಿಕೆಯ ಜೋಯಲ್ ಅಲೆನ್ ಹೇಳಿದನು.

ಈಗ ನಮ್ಮ ತೋಳದ ಕಡೆಗೆ ಬರೋಣ. ಇದು ಮೈಯಲ್ಲಿ ಸಣ್ಣದು, ತುಪ್ಪಳ ತೀರ ತೆಳ್ಳಗೆ. ಇದರ ದೇಹ ಸಿದ್ಧವಾದದ್ದು ಬಿಸಿಲಿಗೆ. ಚಳಿಯ ರಾತ್ರಿಯಲ್ಲಿ ಸುರುಳಿ ಸುತ್ತಿ, ಮೂಗಿನ ಮೇಲೆ ಬಾಲ ಹೊದೆದು ಮಲಗಿದರೆ ಬೆಳೆದ ತೋಳಕ್ಕೆ ಸಾಕು. ಆದರೆ ಮರಿಗಳ ಗತಿಯೇನು? ಭಾರತದ ಬಯಲು ತೋಳಗಳು ಹೆಚ್ಚಾಗಿ ಮರಿ ಹಾಕುವದು ಚಳಿಗಾಲದ ಸುಮಾರಿನಲ್ಲಿಯೇ. ಕಣ್ಣು ತೆರೆಯದ ಆ ಮರಿಗಳಿಗೆ ತಮ್ಮ ಮೈಯ ಬಿಸಿಯನ್ನು ತಾವೇ ಕಾಯುವ ಶಕ್ತಿ ಇನ್ನೂ ಬಂದಿರುವದಿಲ್ಲ. ದೇಹವು ಕೊಡದ ರಕ್ಷಣೆಯನ್ನು ಅವಕ್ಕೆ ತಾಯಿಯ ಮಗ್ಗುಲೂ ನೆಲದೊಳಗಿನ ಬಿಲವೂ ಕೊಡುವವು. ಕೆಲವೇ ಅಡಿ ಆಳದಲ್ಲಿ ಹಗಲಿನ ಉರಿಯಾಗಲಿ ರಾತ್ರಿಯ ಚಳಿಯಾಗಲಿ ಅಷ್ಟಾಗಿ ತಟ್ಟದು.

ಬಿಲ ತೋಡಲು ತೋಳಕ್ಕೆ ಬೇಕಾದದ್ದು ನೇಗಿಲು ತಾಗದ ಮಡ್ಡಿ ನೆಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಸೀಮೆಗೆ ಕೃಷ್ಣೆಯ ನೀರು ಬಂದದ್ದು ಒಕ್ಕಲುತನದ ಮನೆಯಿಂದ ಬಂದ ನನಗೆ ಸಂತೋಷವೇ. ನೀರು ಬಂದಲ್ಲಿ ಮಡ್ಡಿಯೂ ಹೊಲವಾಗುವದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತೋಳವನ್ನು ಕೊಲ್ಲಬಾರದೆನ್ನುವದು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿ ವನ್ಯಧಾಮವೂ ಆಗಿದೆ. ಆದರೆ ಬಿಲ ಮುಚ್ಚಿದರೆ ಕೊಲ್ಲುವ ಕೆಲಸವನ್ನು ಚಳಿಯೇ ಮಾಡೀತು. ದಪ್ಪ ತುಪ್ಪಳ ಬೆಳೆಯಲು ಸಾವಿರಾರು ತಲೆಮಾರು ಬೇಕು; ಮಡ್ಡಿ ಸಮ ಮಾಡಲು ಯಂತ್ರಕ್ಕೆ ಒಂದು ದಿನ ಸಾಕು. ಮರಿಗಳಿರುವ ಬಿಲ ಕಂಡಾಗ ಅದನ್ನು ಮುಟ್ಟದೆ, ಅರಣ್ಯ ಇಲಾಖೆಗೆ ತಿಳಿಸಿ, ಎರಡು-ಮೂರು ತಿಂಗಳು ಆ ತುಂಡು ನೆಲವನ್ನು ಬಿಟ್ಟರೆ ಮರಿಗಳು ಬೆಳೆದು ಹೊರಬೀಳುವವು. ಹಳ್ಳಿಗಳಿಂದ ಬಂದ ನಾವು ಮನೆಗೆ ಹೋದಾಗ ಇಷ್ಟನ್ನು ಹಿರಿಯರಿಗೆ ಹೇಳಬಹುದಲ್ಲವೆ?