ದಾಳಿಂಬೆಯ ಹೇನು ಮತ್ತು ಅರ್ಧ ಅಳತೆಯ ಔಷಧಿ
ಕಲಾದಗಿ ಭಾಗದ ದಾಳಿಂಬೆ ತೋಟದಲ್ಲಿ, ಖರ್ಚು ಉಳಿಸಲೆಂದು ಅರ್ಧ ಅಳತೆಯಲ್ಲಿ ಇಮಿಡಾಕ್ಲೋಪ್ರಿಡ್ ಸಿಂಪಡಿಸಿದ ಮೇಲೆ ಹೇನು ಹೆಚ್ಚಿದ್ದೇಕೆ ಎಂಬ ಪ್ರಶ್ನೆಗೆ ಒಂದೇ ಕಾರಣ ಹೇಳಲಾಗದು. ಕೊಲ್ಲಲು ಸಾಲದಷ್ಟು ವಿಷ ತಗುಲಿದ ಕೀಟವು ಸಾಮಾನ್ಯವಾಗಿ ಕುಂಠಿತಗೊಂಡು ಕಡಿಮೆ ಮರಿ ಹಾಕುತ್ತದಾದರೂ, ಇನ್ನೂ ಅಲ್ಪ ಮಟ್ಟದಲ್ಲಿ ಅದೇ ವಿಷವು ಸಂತಾನವನ್ನು ಹೆಚ್ಚಿಸುವುದುಂಟು; 'ಹಾರ್ಮೆಸಿಸ್' ಎನ್ನಲಾಗುವ ಈ ಅಲ್ಪವಿಷ ಪ್ರಚೋದನೆಯು ಪೀಚ್ ಗಿಡದ ಹಸಿರು ಹೇನಿನಲ್ಲಿ ಇದೇ ಇಮಿಡಾಕ್ಲೋಪ್ರಿಡ್‌ನಿಂದ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಗಂಡಿನ ಕೂಡಿಕೆಯಿಲ್ಲದೆಯೇ ಮರಿ ಹಾಕಬಲ್ಲ ಹೇನಿಗೆ ಅಷ್ಟು ನೆರವೇ ಸಾಕು. ಅದನ್ನು ತಿನ್ನುವ ಗುಲಗಂಜಿ ಹುಳುಗಳೂ ಸತ್ತಿದ್ದರೆ ಕೇಳುವುದೇ ಬೇಡ. ಎಲೆಯ ಅಡಿಭಾಗಕ್ಕೆ ತಲುಪದ ಸಿಂಪಡಣೆಯೂ ಇಂಥ ಅಲ್ಪಪ್ರಮಾಣವನ್ನೇ ಉಳಿಸುವುದರಿಂದ, ಮೊದಲು ಚಿಗುರನ್ನು ಮಗುಚಿ ನೋಡಿ, ಅಗತ್ಯವಿದ್ದರಷ್ಟೇ, ದಾಳಿಂಬೆಗೆ ಅನುಮತಿಯಿರುವ ಬೇರೆ ಗುಂಪಿನ ಕೀಟನಾಶಕವನ್ನು ಲೇಬಲ್ಲಿನ ಪೂರ್ಣ ಪ್ರಮಾಣದಲ್ಲಿ ಬಳಸುವುದು ಸೂಕ್ತ. ಸಂದೇಹವಿದ್ದಲ್ಲಿ ಚಿಗುರಿನ ಸಮೇತ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರಿಗೆ ತೋರಿಸಬಹುದು.